ಮರಾಕೆಶ್ ಮಾರ್ಕೆಟ್ ನೋಡಿ ತಲೆ ಕೆಟ್ಟೋಯ್ತು, ಫೆಸ್, ಟ್ಯುನಿಸ್, ಕೈರೋನೂ ಹೀಗೇನಾ?

ಬಸವನಗುಡಿ_ಬ್ಯಾಗು:

ನಮಸ್ಕಾರ ಎಲ್ರಿಗೂ. ಮೊರಾಕ್ಕೋ ದೇಶದ ಮರಾಕೆಶ್‌ನಲ್ಲಿ ಇಳ್ಕೊಂಡಿರೋ ಮನೆ ಮಹಡಿ ಮೇಲೆ ಕೂತು ಮೊಬೈಲಲ್ಲೇ ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪಿದ್ರೆ ಸಹಿಸ್ಕೊಳಿ. ನಾನು ನನ್ನ ಹೆಂಡ್ತಿ ಇಬ್ರೇ ಬಂದಿರೋದು. ಇಲ್ಲಿಂದ ಫೆಸ್, ಆಮೇಲೆ ಟ್ಯುನಿಸ್, ವಾಪಸ್ ಬರೋವಾಗ ಕೈರೋ. ಮರಳುಗಾಡು, ಒಂಟೆ ಸವಾರಿ, ಟೆಂಟಲ್ಲಿ ಮಲ್ಗೋದು ಯಾವ್ದೂ ಬೇಡ, ಹಳೇ ಊರಿನ ಸೂಕ್‌ಗಳಲ್ಲಿ (ಅಂದ್ರೆ ಪೇಟೆ ಬೀದಿಗಳಲ್ಲಿ) ಸುಮ್ನೆ ಅಲೀಬೇಕು ಅಂತಾನೇ ದುಡ್ಡು ಕೂಡಿಟ್ಕೊಂಡು ಬಂದೋರು ನಾವು.

ಜೆಮಾ ಎಲ್ ಫ್ನಾ ಮೈದಾನ ಸಂಜೆ ಹೊತ್ತು ಮಾತ್ರ ನಿಜವಾಗ್ಲೂ ಬೇರೆ ಲೋಕ, ಅದ್ರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನ ಬರೀ ಬಿಸಿಲು ಬಿದ್ದಿರೋ ಖಾಲಿ ಜಾಗ, ಕಿತ್ತಳೆ ಜ್ಯೂಸ್ ಗಾಡಿಗಳು ಬಿಟ್ರೆ ಜಾಸ್ತಿ ಏನೂ ಇಲ್ಲ, ಹೊತ್ತು ಇಳೀತಿದ್ದ ಹಾಗೆ ತಿಂಡಿ ಅಂಗಡಿಗಳನ್ನ ತಳ್ಕೊಂಡು ಬಂದು ಜೋಡಿಸ್ತಾರೆ, ಬಸವನಹುಳು ಸೂಪು, ಕುರಿ ತಲೆ, ಸುಟ್ಟ ಬದನೆಕಾಯಿ ಎಲ್ಲಾ ಅಕ್ಕಪಕ್ಕ, ಒಂದು ಕಡೆ ಗ್ನಾವಾ ಅನ್ನೋ ಹಾಡುಗಾರರು ಕಬ್ಬಿಣದ ತಾಳ ಬಡೀತಾ ತಲೆ ತಿರುಗಿಸ್ತಾ ಟೋಪಿ ಕುಚ್ಚು ಗಿರ್ರ್ ಅನ್ನಿಸ್ತಿರ್ತಾರೆ, ಆ ಹೊಗೆ ಎಲ್ಲಾ ಸೇರಿ ಕುತೂಬಿಯಾ ಮಸೀದಿ ಮಿನಾರಿನ ಕಡೆ ಹೋಗ್ತಿರತ್ತೆ. ಒಂದು ಮೂಲೆಲಿ ಜನ ದುಂಡಗೆ ನಿಂತಿದ್ರು, ಟೂರಿಸ್ಟ್ ಒಬ್ರೂ ಇಲ್ಲ, ನಡುವೆ ಒಬ್ಬ ಮುದುಕ ಕಥೆ ಹೇಳ್ತಿದ್ದ. ಒಂದಕ್ಷರ ಅರ್ಥ ಆಗ್ಲಿಲ್ಲ ಆದ್ರೂ ಕಾಲು ಕೀಳೋಕಾಗ್ಲಿಲ್ಲ, ಕಥೆ ಸರಿಯಾಗಿ ಕುತೂಹಲದ ಜಾಗಕ್ಕೆ ಬಂದಾಗ ಬಾಯಿ ಮುಚ್ಕೊಂಡು ಟೋಪಿ ತಿರುಗಿಸೋಕೆ ಶುರು ಮಾಡ್ದ, ಜನ ನಗ್ತಾ ಬೈತಾ ಚಿಲ್ಲರೆ ಹಾಕಿದ್ರು. ಇಷ್ಟಕ್ಕೇ ಬಂದಿದ್ದು ಸಾರ್ಥಕ ಅನ್ನಿಸ್ತು.

ಆದ್ರೆ ಸೂಕ್ ಒಳಗೆ ಹೋದ್ಮೇಲೆ ಬೇಜಾರು. ಎಲ್ಲಾ ಅಂಗಡೀಲೂ ಅದೇ ಲ್ಯಾಂಪು, ಅದೇ ಚೂಪು ಮೂತಿ ಚಪ್ಪಲಿ, ಅದೇ ಬ್ಯಾಗು. ನಮ್ಮ ಮುಖ ನೋಡಿದ್ ಕೂಡ್ಲೇ "ನಮಸ್ತೆ! ಶಾರುಖ್ ಖಾನ್! ಅಮಿತಾಭ್!" ಅಂತ ಕೂಗೋದು. ಒಂದು ಚರ್ಮದ ಬ್ಯಾಗಿಗೆ 600 ದಿರ್ಹಮ್ (ಇಲ್ಲಿನ ದುಡ್ಡು) ಅಂದೋನು ನಾವು ಬೀದಿ ತಿರುವಿಗೆ ಬರೋಷ್ಟ್ರಲ್ಲಿ ಹಿಂದಿಂದ ಓಡಿ ಬಂದು 150 ಅಂದ, ಅಷ್ಟು ಇಳ್ದ ಮೇಲೆ 150ಕ್ಕೂ ಟೋಪಿ ಅಂತಾನೇ ಅನ್ಸೋದಲ್ವಾ. ರಹ್ಬಾ ಕದೀಮಾ ಚೌಕದಲ್ಲಿ ಮಸಾಲೆ ರಾಶಿ ಗೋಪುರದ ಥರ ನಿಲ್ಸಿರ್ತಾರಲ್ಲ, ಫೋಟೋಲಿ ಭಾರಿ ಚೆನ್ನಾಗಿರತ್ತೆ, ಹತ್ರ ಹೋಗಿ ಬಗ್ಗಿ ನೋಡಿದ್ರೆ ಒಳಗೆ ರಟ್ಟಿನ ಕೋನು, ಮೇಲೆ ಅರಿಶಿನ ಮೆತ್ತಿರೋದು! ಇನ್ನು ಹೆನ್ನಾ ಹಾಕೋ ಹೆಂಗಸರು ಕೈ ಹಿಡ್ಕೊಂಡ್ರೆ ಬಿಡಲ್ಲ, ನನ್ನ ಹೆಂಡ್ತಿ ಬೇಡ ಬೇಡ ಅಂತಿದ್ರೂ ಅರ್ಧ ಹೂವು ಬರೆದು ದುಡ್ಡು ಕೇಳಿದ್ರು.

ನನ್ನ ಪ್ರಶ್ನೆ ಇಷ್ಟೇ. ಆ ಕಡೆ ಜನ ತಾವು ದಿನಾ ಬಳಸೋ ಸಾಮಾನು ಕೊಂಡ್ಕೊಳೋ ಮಾರ್ಕೆಟ್ ಇನ್ನೂ ಇದ್ಯಾ, ಇಲ್ಲಾ ಎಲ್ಲಾ ನಮ್ಮಂಥೋರಿಗೆ ಹಾಕಿರೋ ಸೆಟ್ಟಾ? ಫೆಸ್‌ನಲ್ಲಿ ಗೈಡ್ ಬೇಕೇ ಬೇಕಾ? ಮತ್ತೆ ಹೆಂಡ್ತಿ ಶುದ್ಧ ಸಸ್ಯಾಹಾರಿ, ತರಕಾರಿ ತಾಜೀನ್ (ಮಣ್ಣಿನ ಪಾತ್ರೇಲಿ ಬೇಯ್ಸೋ ಪಲ್ಯ) ತಿಂದೂ ತಿಂದೂ ಅವ್ಳಿಗೆ ಕ್ಯಾರೆಟ್ ಕಂಡ್ರೆ ಅಳು ಬರ್ತಿದೆ, ಬೇರೆ ಏನಾದ್ರೂ ಹೇಳಿ ಪುಣ್ಯ ಬರತ್ತೆ.

---

ನೂಲು_ನೇಯ್ಗೆ:

ನಾನು ಬಟ್ಟೆ ವ್ಯಾಪಾರದ ಕೆಲ್ಸಕ್ಕೆ ಆ ಕಡೆ ಹೋಗ್ತಿರ್ತೀನಿ ಸರ್, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಆ ಊರುಗಳ ಮಾರ್ಕೆಟ್ ಒಂದು ಲೆಕ್ಕದಲ್ಲಿ ಕಟ್ಟಿರೋದು, ಅದು ಗೊತ್ತಾದ್ರೆ ಯಾವ ಬೀದಿ ಯಾರಿಗೆ ಅನ್ನೋದೂ ಗೊತ್ತಾಗತ್ತೆ. ನಡುವೆ ದೊಡ್ಡ ಮಸೀದಿ. ಅದಕ್ಕೆ ಅಂಟ್ಕೊಂಡ ಹಾಗೆ ಅತ್ತರು, ಮೇಣದಬತ್ತಿ, ಪುಸ್ತಕ, ಒಳ್ಳೇ ಬಟ್ಟೆ, ಅಂದ್ರೆ ವಾಸ್ನೆ ಗಲಾಟೆ ಇಲ್ಲದ ವ್ಯಾಪಾರ. ದೂರ ದೂರ ಹೋದ ಹಾಗೆ ಬಡಗಿ, ಕಂಚುಗಾರ, ಬಣ್ಣ ಹಾಕೋರು, ಕೊನೇಗೆ ನದಿ ಪಕ್ಕ ಚರ್ಮ ಹದ ಮಾಡೋರು. ನಮ್ಮ ಬೆಂಗಳೂರು ಪೇಟೇಲಿ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಅಂತ ಕಸುಬಿಗೊಂದು ಬೀದಿ ಇತ್ತಲ್ಲ ಹಾಗೇನೇ, ಅಲ್ಲಿ ಮಾತ್ರ ಅದು ಇನ್ನೂ ಜಾಸ್ತಿ ಉಳ್ಕೊಂಡಿದೆ. ಟೂರಿಸ್ಟ್ ಸಾಮಾನು ಈ ನಕ್ಷೆ ಮೇಲೆ ಎಣ್ಣೆ ಥರ ಹರಡ್ಕೊಂಡಿರೋದು, ಮುಖ್ಯ ಬೀದೀಲಿ ದಪ್ಪಕ್ಕೆ, ಪಕ್ಕದ ಓಣಿಗಳಲ್ಲಿ ತೆಳ್ಳಗೆ. ಪ್ಲಾಸ್ಟಿಕ್ ಬಕೆಟ್, ಸ್ಕೂಲ್ ಯೂನಿಫಾರ್ಮ್, ಪ್ರೆಷರ್ ಕುಕ್ಕರ್ ರಬ್ಬರು ಮಾರೋ ಅಂಗಡಿ ಕಣ್ಣಿಗೆ ಬಿತ್ತು ಅಂದ್ರೆ ನೀವು ಸರಿಯಾದ ಜಾಗಕ್ಕೆ ಬಂದಿದೀರಿ ಅಂತ.

ರೇಟಿನ ವಿಷ್ಯ. ಮರಾಕೆಶ್‌ನಲ್ಲಿ ಮೊಹಮ್ಮದ್ 5 ರಸ್ತೇಲಿ ಆನ್ಸಾಂಬ್ಲ್ ಆರ್ಟಿಸನಾಲ್ ಅಂತ ಸರ್ಕಾರದ ಕರಕುಶಲ ಮಳಿಗೆ ಇದೆ, ಅಲ್ಲಿ ಫಿಕ್ಸೆಡ್ ರೇಟು. ಮೊದ್ಲು ಅಲ್ಲಿ ಹೋಗಿ ಬೆಲೆ ನೋಡ್ಕೊಂಡು ಆಮೇಲೆ ಸೂಕ್‌ಗೆ ಹೋಗಿ, ಚೌಕಾಸಿಗೆ ಕಾಲೂರೋಕೆ ನೆಲ ಸಿಗತ್ತೆ.

ಇನ್ನೊಂದು, ದಯವಿಟ್ಟು "ಕ್ಯಾಕ್ಟಸ್ ಸಿಲ್ಕ್" ಅಂತ ತಗೋಬೇಡಿ. ಸಬ್ರಾ ಅಂತಾರೆ, ಕತ್ತಾಳೆ ನಾರಿಂದ ಬಂದಿದ್ದು ಅಂತಾರೆ, ಮಿರಮಿರ ಮಿಂಚತ್ತೆ. ಇವತ್ತು ಮಾರೋದು ಬಹುಪಾಲು ವಿಸ್ಕೋಸ್, ಅಂದ್ರೆ ರೇಯಾನು. ಅಂಗಡಿಯವ್ನು ನಿಮ್ಮ ಮುಂದೇನೇ ಲೈಟರ್ ಹಚ್ಚಿ ಒಂದು ಎಳೆ ಸುಟ್ಟು ತೋರಿಸ್ತಾನೆ, ನೋಡಿ ಕರಗ್ಲಿಲ್ಲ, ಪ್ಲಾಸ್ಟಿಕ್ ಅಲ್ಲ, ಅಸಲಿ ಅಂತ. ಅವ್ನು ಹೇಳಿದ್ರಲ್ಲಿ ಅರ್ಧ ನಿಜ, ಪ್ಲಾಸ್ಟಿಕ್ ಅಲ್ಲ. ಆದ್ರೆ ವಿಸ್ಕೋಸ್ ಮಾಡೋದು ಮರದ ತಿರುಳಿಂದ, ಅದೂ ಕಾಗದದ ಥರಾನೇ ಉರಿದು ಬೂದಿ ಆಗತ್ತೆ, ಕತ್ತಾಳೆ ನಾರೂ ಹಾಗೇ ಉರಿಯತ್ತೆ. ಪಾಲಿಯೆಸ್ಟರ್ ಥರ ಕರಗೋ ನೂಲಷ್ಟೇ ಆ ಪರೀಕ್ಷೇಲಿ ಸಿಕ್ಕಿ ಬೀಳೋದು. ಚೆಂದ ಇದೆ ಅಂತ ರೇಯಾನ್ ರೇಟಿಗೆ ತಗೊಳೋದಾದ್ರೆ ತಗೊಳಿ, ನನ್ನದೇನೂ ಅಭ್ಯಂತರ ಇಲ್ಲ, ನನ್ನ ಮನೆ ದಿಂಬಿನ ಕವರೂ ಅದೇ.

ರತ್ನಗಂಬಳಿ ಅಂಗಡೀಲಿ ಪುದೀನ ಟೀ ಕೊಟ್ರೆ ಕುಡೀರಿ, ಕುಡಿದ್ರೆ ತಗೋಬೇಕು ಅಂತ ಏನಿಲ್ಲ. ಕಂಬಳಿ ಮಗುಚಿ ಹಿಂದಿನ ಗಂಟು ನೋಡಿ, ಬಿಳಿ ಕರ್ಚೀಫ್ ಒದ್ದೆ ಮಾಡಿ ಬಣ್ಣದ ಮೇಲೆ ಉಜ್ಜಿ ನೋಡಿ. ಗೈಡ್ ಕರ್ಕೊಂಡು ಹೋದ ಅಂಗಡಿ ಆದ್ರೆ ಅವನ ಕಮಿಷನ್ನೂ ನಿಮ್ಮ ಬಿಲ್ಲಲ್ಲೇ ಕೂತಿರತ್ತೆ ಅಂತ ಲೆಕ್ಕ ಹಾಕ್ಕೊಳಿ.

---

ಹುಬ್ಬಳ್ಳಿ_ಮಂದಿ:

ನಮಸ್ಕಾರ್ರೀ. ನಾ ಇಲ್ಲೇ ಮೊರಾಕ್ಕೋದಾಗ, ಎಲ್ ಜದೀದಾ ಕಡೆ ಗೊಬ್ಬರದ ಪ್ಲಾಂಟಿನ್ಯಾಗ ಕೆಲಸ ಮಾಡತೇನಿ. ಈ ದೇಶದ ರಾಕ್ ಫಾಸ್ಫೇಟು, ಫಾಸ್ಫಾರಿಕ್ ಆಸಿಡ್ಡು ಭಾರತಕ್ಕ ಭಾಳ ಬರತೈತಿ, ನಮ್ಮ ಕಡೆ ಹೊಲಕ್ಕ ಹಾಕೋ ಡಿಎಪಿ ಚೀಲದಾಗ ಇಲ್ಲಿ ಮಣ್ಣ ಅದ ಅಂತ ತಿಳ್ಕೋರಿ. ಹಿಂಗಾಗಿ ನಮ್ಮಂಥಾವರು ನಾಕ ಮಂದಿ ಇಲ್ಲಿ ಅದೀವಿ.

ಮಂದಿ ಸಂತಿ ಮಾಡೋದು ನೋಡಬೇಕಂದ್ರ ದೊಡ್ಡ ಊರ ಬಿಟ್ಟು ಹೊರಗ ಬರ್ರಿ. ಇಲ್ಲಿ ಹಳ್ಳಿ ಕಡೆ ವಾರದ ಸಂತಿ ಇನ್ನೂ ಜೋರ ನಡೀತಾವ. ಬೆಳಗ್ಗೆ ಬೇಗ ಹೋಗಬೇಕು, ಮಧ್ಯಾಹ್ನ ಆಗೂದ್ರಾಗ ಗುಡಾರ ಬಿಚ್ಚಿ ಹೊಂಟಿರ್ತಾರ. ಒಂದ ಕಡೆ ಕುರಿ, ದನ, ಕತ್ತೆ ವ್ಯಾಪಾರ, ಒಂದ ಕಡೆ ಕಾಳು ಕಡಿ, ಹಳೇ ಅರಿವಿ, ನೇಗಿಲಿನ ಕುಳ, ಸ್ಥಳದಾಗ ಕ್ಷೌರ. ಅಲ್ಲಿ ನಿಮ್ಮನ್ನ ಯಾರೂ ಶಾರುಖ್ ಖಾನ್ ಅಂತ ಕರಿಯಂಗಿಲ್ಲ, ಎಲ್ಲಾರಿಗೂ ತಮ್ಮ ಕೆಲಸ ಇರತೈತಿ.

ಊಟದ ಮಾತು. ಮೊದಲ, ಅಕ್ಕಾರಿಗೆ ಹೇಳ್ರಿ, "ಬ್ಲಾ ಲ್ಹಮ್" ಅಂದ್ರ ಮಾಂಸ ಬ್ಯಾಡ ಅಂತ ತಿಳ್ಕೋತಾರ, ಆದ್ರ ಮಾಂಸದ ತುಂಡು ತಗದು ಅದ ರಸ ಹಾಕಿ ಕೊಡತಾರ, ಅವರ ಲೆಕ್ಕದಾಗ ಅದು ತರಕಾರಿನ! ಶುಕ್ರವಾರದ ಕುಸ್‌ಕುಸ್ ಅಂದ್ರ ಹಬಿಯೊಳಗ ಬೇಯಿಸಿದ ಗೋಧಿ ರವಾ, ಏಳು ತರಕಾರಿ ಹಾಕಿ ಮಾಡತಾರ, ಭಾಳ ಛಲೋ ಇರತೈತಿ, ಅದರದೂ ರಸ ಬಹುತೇಕ ಮಾಂಸದ್ದ. ಹರೀರಾ ಸೂಪಿಗೂ ಅದ ಕಥಿ. ಧೈರ್ಯಲೇ ತಿನ್ನೂವಂಥಾದ್ದು ಬಿಸಾರಾ. ಒಣಗಿಸಿದ ಬಾಕ್ಲಾ ಬ್ಯಾಳಿ ಕುದಿಸಿ ಅರದ ಗಟ್ಟಿ ಸಾರು, ಮ್ಯಾಲ ಆಲಿವ್ ಎಣ್ಣಿ, ಜೀರಗಿ ಪುಡಿ. ಕೂಲಿ ಮಂದಿ ಮುಂಜಾನೆ ಅದನ್ನ ತಿಂದು ಕೆಲಸಕ್ಕ ಹೋಗತಾರ. ಝಾಲೂಕ್ ಅಂದ್ರ ಸುಟ್ಟ ಬದನಿಕಾಯಿ ಟೊಮೆಟೊ ಕಲಿಸಿದ್ದು, ಒಂದೀಟು ಖಾರ ಬಿದ್ರ ಸಾಕು ನಮ್ಮ ಮಂದಿ ಬಾಯಿಗೆ ಸರೀ ಕೂಡತೈತಿ. ಮಸೆಮನ್ ಪದರ ಪದರ ರೊಟ್ಟಿ, ಹಂಚಿನ ಮ್ಯಾಲಿಂದ ಬಿಸಿ ಬಿಸಿ ತಗೊಂಡು ಜೇನು ಹಚ್ಚಿ ತಿನ್ನರಿ. ಮತ್ತ ನಿಂಬಿಕಾಯಿ ಉಪ್ಪಿನ್ಯಾಗ ಹಾಕಿಟ್ಟಿದ್ದು ಮಾರ್ಕೆಟ್ಟಿನ್ಯಾಗ ಆಲಿವ್ ಅಂಗಡ್ಯಾಗ ಬಾಟ್ಲಿಗಟ್ಲೆ ಇಟ್ಟಿರ್ತಾರ, ಒಂದೀಟು ತಗೊಂಡು ಚೀಲದಾಗ ಇಟ್ಕೋರಿ, ಖಾರ ಇಲ್ಲಂತ ಬಿಟ್ರ ಅದು ನಮ್ಮನಿ ಉಪ್ಪಿನಕಾಯಿನ.

ಓಣಿ ಒಳಗ ಹೆಣ್ಮಕ್ಕಳು ಹುಡುಗ್ರು ತಲಿ ಮ್ಯಾಲ ಹಲಗಿ ಇಟ್ಕೊಂಡು ಹಿಟ್ಟಿನ ಮುದ್ದಿ ಹೊತ್ಕೊಂಡು ಹೊಂಟಿದ್ರ ಹಿಂದ ಹೋಗ್ರಿ, ಅದು ಫರ್ರಾನ್, ಓಣಿ ಮಂದಿಯ ಒಲಿ. ಮನ್ಯಾಗ ಹಿಟ್ಟು ನಾದಿ ಅಲ್ಲಿ ಸುಡಿಸ್ಕೊಂಡು ಬರತಾರ. ಯಾವ ರೊಟ್ಟಿ ಯಾರ ಮನೀದು ಅಂತ ಒಲಿಯವಗ ನೋಡಿದ ಕೂಡ್ಲೆ ಗೊತ್ತಾಗತೈತಿ.

---

ಮಧ್ಯರಾತ್ರಿ_ಚಾಯ್:

ಒಂದು ಮಾತು, ಯಾರೂ ಬೇಜಾರಾಗ್ಬೇಡಿ. ಈ "ಅಸಲಿ ಮಾರ್ಕೆಟ್" ಹುಡುಕಾಟ ನಂಗೆ ಅಷ್ಟು ಅರ್ಥ ಆಗಲ್ಲ. ಫ್ಲೈಟ್ ಹತ್ತಿ ಬಂದ ನಾವೇ ಟೂರಿಸ್ಟು, ಟೂರಿಸ್ಟ್ ಇಲ್ಲದ ಜಾಗ ಬೇಕು ಅಂತೀವಿ. 2023 ಸೆಪ್ಟೆಂಬರ್‌ನಲ್ಲಿ ಭೂಕಂಪ ಆಯ್ತಲ್ಲ, ಮರಾಕೆಶ್ ಆಚೆ ಅಟ್ಲಾಸ್ ಬೆಟ್ಟದ ಹಳ್ಳಿಗಳು ನೆಲಸಮ ಆದ್ವು, ಆ ಬೆಟ್ಟದ ಜನ ಎಷ್ಟೋ ಮಂದಿ ಇದೇ ಲ್ಯಾಂಪು ಚಪ್ಪಲಿ ಮಾರಿ ಮನೆಗೆ ದುಡ್ಡು ಕಳಿಸೋರು. ಆ ಕಥೆ ಹೇಳೋ ಮುದುಕ ಇದಾನಲ್ಲ, ಆ ಮೈದಾನವನ್ನ ಯುನೆಸ್ಕೋ 2001ರಲ್ಲೇ ಬಾಯಿಮಾತಿನ ಪರಂಪರೆ ಅಂತ ಸಾರಿದ್ದು ಅಂಥೋರಿಂದಾನೇ. ಕೋತಿ ಆಡಿಸೋದು, ಹಾವು ಆಡಿಸೋದು ಮಾತ್ರ ನಂಗೂ ಹಿಡ್ಸಲ್ಲ, ಅದಕ್ಕೆ ಕಾಸು ಕೊಡ್ಬೇಡಿ, ಫೋಟೋನೂ ಬೇಡ. ಉಳಿದೋರ ಹತ್ರ ನಗ್ತಾ "ಲಾ, ಶುಕ್ರನ್" (ಬೇಡ, ಥ್ಯಾಂಕ್ಸ್) ಅಂದು ಕಣ್ಣು ಕೊಡದೆ ಮುಂದೆ ಹೋಗ್ತಾ ಇರಿ, ಅವ್ರ ಕೆಲ್ಸ ಕೂಗೋದು, ನಿಮ್ಮ ಕೆಲ್ಸ ನಡಿಯೋದು.

---

ಕಡಲ_ತಡಿ:

ಮಾರಾಯ್ರೇ ನೀವು ಹೋಗುವ ದಾರಿ ಉಂಟಲ್ಲ, ಅದು ನಮ್ಮ ಊರಿಗೆ ಸಂಬಂಧ ಇರುವ ದಾರಿ, ಅದನ್ನು ಯಾರೂ ಹೇಳ್ಲಿಲ್ಲ.

ದೇಶ ದೇಶ ಸುತ್ತಿದ ಯಾತ್ರಿಕ ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್‌ನಲ್ಲಿ. ಅವ ನಮ್ಮ ಕರಾವಳಿಗೆ ಬಂದು ಹೊನ್ನಾವರದಲ್ಲಿ ಇದ್ದ, ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಹೀಗೆ ಬೇರೆಲ್ಲೂ ನೋಡ್ಲಿಲ್ಲ ಅಂತ ಬರೆಸಿದ್ದಾನೆ. ಮಂಗಳೂರಿನ ಕಾಳುಮೆಣಸು, ಶುಂಠಿಯ ಸುದ್ದಿಯೂ ಅದರಲ್ಲಿ ಉಂಟು. ಊರಿಗೆ ವಾಪಸ್ ಹೋದ ಮೇಲೆ ಅವ ಇದನ್ನೆಲ್ಲ ಹೇಳಿ ಬರೆಸಿದ್ದು ಎಲ್ಲಿ ಗೊತ್ತುಂಟಾ, ಫೆಸ್‌ನಲ್ಲಿ, ಸುಲ್ತಾನ ಅಬೂ ಇನಾನನ ಅಪ್ಪಣೆ ಮೇಲೆ, 1355ರಲ್ಲಿ ಮುಗಿದದ್ದು. ಅದೇ ಸುಲ್ತಾನ ಕಟ್ಟಿಸಿದ ಬೂ ಇನಾನಿಯಾ ಮದರಸಾ ನೀವು ಫೆಸ್‌ನ ನೀಲಿ ಬಾಗಿಲು ಬಾಬ್ ಬೂಜ್ಲೂದ್ ದಾಟಿದ ಕೂಡಲೇ ಸಿಗ್ತದೆ, ಮುಸ್ಲಿಮರಲ್ಲದವರನ್ನೂ ಒಳಗೆ ಬಿಡ್ತಾರೆ. ಮೊರಾಕ್ಕೋದ ಹೆಚ್ಚಿನ ಮಸೀದಿಗಳಿಗೆ ನಮ್ಮನ್ನು ಬಿಡುವುದಿಲ್ಲ, ಕರಾವಿಯ್ಯೀನ್ ಮಸೀದಿಯನ್ನು ಬಾಗಿಲಿನಿಂದ ಇಣುಕಿ ನೋಡ್ಬೇಕಷ್ಟೆ, ಹಾಗಾಗಿ ಇದನ್ನು ಬಿಡ್ಬೇಡಿ.

ಕೈರೋ ಸಂಗತಿ ಇನ್ನೂ ಹಳತು. ಅಲ್ಲಿ ಹಳೇ ಪೇಟೆಯಲ್ಲಿ ಬೆನ್ ಎಜ್ರಾ ಅಂತ ಯಹೂದಿಗಳ ಪ್ರಾರ್ಥನಾ ಮಂದಿರ. ದೇವರ ಹೆಸರು ಬರೆದ ಕಾಗದ ಬಿಸಾಡ್ಬಾರ್ದು ಅಂತ ಅವರು ನೂರಾರು ವರ್ಷ ಒಂದು ಕೋಣೆಗೆ ಹಾಕ್ತಾ ಬಂದದ್ದರಲ್ಲಿ ವ್ಯಾಪಾರದ ಕಾಗದವೂ ಸೇರಿತ್ತು. ಆ ಕಾಗದಗಳಿಂದ ಗೊತ್ತಾದವ ಅಬ್ರಹಾಂ ಬೆನ್ ಯಿಜೂ ಅನ್ನುವ ಯಹೂದಿ ವ್ಯಾಪಾರಿ. ಟ್ಯುನೀಸಿಯಾದ ಮಹ್ದಿಯಾ ಊರಿನವ, 1132ರ ಹೊತ್ತಿಗೆ ಮಂಗಳೂರಲ್ಲಿ ಬಂದು ಕೂತು 1149ರವರೆಗೆ ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟ, ಮೆಣಸು, ಅಡಿಕೆ, ಏಲಕ್ಕಿ ಯೆಮನ್‌ನ ಬಂದರು ಏಡನ್‌ಗೆ ಕಳಿಸ್ತಿದ್ದ. ಆಶು ಅನ್ನುವ ಇಲ್ಲಿನ ಹೆಂಗಸಿನ ಜೊತೆ ಸಂಸಾರ. ಬೊಮ್ಮ ಅಂತ ಓದುವ ಹೆಸರಿನ ಅವನ ಗುಲಾಮ ಯಜಮಾನನ ವ್ಯವಹಾರಕ್ಕೆ ಏಡನ್‌ವರೆಗೂ ಹೋಗಿ ಬರ್ತಿದ್ದ. ಏಡನ್‌ನ ದಲಾಲಿಗಳು ಹಳೇ ತಾಮ್ರದ ಚೂರು ಮಂಗಳೂರಿಗೆ ಕಳಿಸಿ ಇಂಥಿಂಥ ಪಾತ್ರೆ ಮಾಡಿಸಿ ಕಳಿಸು ಅಂತ ಕಾಗದ ಬರೀತಿದ್ರು. ಆ ಕಾಗದಗಳಲ್ಲಿ ಹೆಚ್ಚಿನವು 1890ರ ದಶಕದಲ್ಲೇ ಕೇಂಬ್ರಿಡ್ಜ್‌ಗೆ ಹೋಗಿವೆ, ಕೈರೋದಲ್ಲಿ ಈಗ ಕಟ್ಟಡ ಮಾತ್ರ. ಆದ್ರೂ ಹೋಗಿ, ನಾನು ಮಂಗಳೂರು ಬಂದರಿನ ಹತ್ತಿರ ಬೆಳೆದವಳು, ನನಗೆ ಪಿರಮಿಡ್‌ಗಿಂತ ಅದೇ ಹೆಚ್ಚು ಕಾಡಿತು.

ಕೈರೋದಲ್ಲಿ ಖಾನ್ ಎಲ್ ಖಲೀಲಿ ಪೂರಾ ಟೂರಿಸ್ಟ್ ಪೇಟೆ, ಒಂದು ಟೀ ಕುಡಿದು ಹೊರಡಿ. ಅಲ್ ಅಝರ್ ರಸ್ತೆ ದಾಟಿದ್ರೆ ಆಚೆ ಘೂರಿಯಾ, ಅಲ್ಲಿ ಮದುವೆ ಜವಳಿ, ಹಾಸಿಗೆ ಬಟ್ಟೆ, ಪಾತ್ರೆಪಗಡಿಗೆ ಊರಿನ ಜನರೇ ನುಗ್ಗುವುದು. ಹಾಗೇ ನೇರ ನಡೆದು ಬಾಬ್ ಝುವೈಲಾ ಬಾಗಿಲು ದಾಟಿದ್ರೆ ಖಯಾಮಿಯಾ, ಮೇಲೆ ಮಾಡು ಇರುವ ಬೀದಿ, ಗುಡಾರದ ಬಟ್ಟೆಗೆ ತುಂಡು ಬಟ್ಟೆ ಹೊಲಿದು ಚಿತ್ತಾರ ಮಾಡುವವರು. ಗಂಡಸರು ಕಟ್ಟೆ ಮೇಲೆ ಕಾಲು ಮಡಚಿ ಕೂತು ಸೂಜಿಯ ತುದಿಯಲ್ಲೇ ಬಟ್ಟೆಯ ಅಂಚು ಒಳಗೆ ಮಡಚ್ತಾ ಹೊಲೀತಾರೆ, ನೋಡ್ಲಿಕ್ಕೇ ಕೂತ್ಕೊಂಡ್ರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ನಿಮ್ಮ ಹೆಂಡತಿಗೆ ಕೋಶರಿ ಕೊಡ್ಸಿ, ಅನ್ನ, ಬೇಳೆ, ಪಾಸ್ತಾ, ಕಡಲೆ, ಹುರಿದ ಈರುಳ್ಳಿ, ಮೇಲಿಂದ ಟೊಮೆಟೊ ಗೊಜ್ಜು, ಖಾರದ ನೀರು ಬೇರೆ ಕೊಡ್ತಾರೆ. ಕ್ಯಾರೆಟ್ ಇಲ್ಲ!

---

ಬಸವನಗುಡಿ_ಬ್ಯಾಗು:

ಎಲ್ರಿಗೂ ಥ್ಯಾಂಕ್ಸ್, ಈಗ ಫೆಸ್‌ನಿಂದ ಬರೀತಿದೀನಿ. ರೈಲು ಕಾಸಾಬ್ಲಾಂಕಾ ಸುತ್ತಿ ಬರತ್ತೆ, ಬೆಳಗ್ಗೆ ಹತ್ತಿದ್ರೆ ಬಹುಪಾಲು ಹಗಲು ರೈಲಲ್ಲೇ, ಆದ್ರೂ ಸೀಟು ಚೆನ್ನಾಗಿತ್ತು.

ಫೆಸ್ ಬೇರೇನೇ ಸ್ವಾಮಿ. ಹಳೇ ಊರೊಳಗೆ ಗಾಡಿ ಇಲ್ಲ, ಗ್ಯಾಸ್ ಸಿಲಿಂಡರಿಂದ ಹಿಡಿದು ಕೋಕ್ ಬಾಟ್ಲಿ ಕ್ರೇಟ್‌ವರೆಗೂ ಹೇಸರಗತ್ತೆ ಮೇಲೆ, ಹಿಂದಿಂದ "ಬಾಲಾಕ್! ಬಾಲಾಕ್!" ಅಂತ ಕೂಗಿದ್ರೆ ಗೋಡೆಗೆ ಒರಗಿ ನಿಂತ್ಕೋಬೇಕು. ಮೊದಲ ದಿನಕ್ಕೆ ಟೂರಿಸಂ ಇಲಾಖೆ ಬ್ಯಾಡ್ಜ್ ಇರೋ ಗೈಡ್‌ನ ಮನೆ ಮಾಲೀಕರ ಕಡೆಯಿಂದ ಕರೆಸ್ಕೊಂಡ್ವಿ, ಅಂಗಡಿಗೆ ಕರ್ಕೊಂಡು ಹೋಗ್ಬೇಡಪ್ಪಾ ಅಂತ ಮೊದ್ಲೇ ಹೇಳಿದ್ದಕ್ಕೆ ಅವ್ನಿಗೆ ಸ್ವಲ್ಪ ಮುಖ ಸಣ್ಣ ಆಯ್ತು, ಆಮೇಲೆ ಸರಿ ಹೋದ. ಅವ್ನು ಹೇಳ್ಕೊಟ್ಟ ಒಂದು ಉಪಾಯ ಎಲ್ರಿಗೂ ಉಪಯೋಗ ಆಗತ್ತೆ: ಊರು ಬಟ್ಟಲಿನ ಥರ ಇರೋದ್ರಿಂದ ಇಳಿಜಾರು ಹಿಡಿದ್ರೆ ಮಸೀದಿ, ನದಿ, ರ್ಸೀಫ್ ಚೌಕ ಸಿಗತ್ತೆ, ಏರು ಹಿಡಿದ್ರೆ ಬೂಜ್ಲೂದ್ ಬಾಗಿಲು. ಮ್ಯಾಪ್ ಕೈ ಕೊಟ್ರೂ ಇದು ಕೈ ಕೊಡಲ್ಲ. "ಆ ದಾರಿ ಬಂದ್ ಆಗಿದೆ, ಬಾ ನಾನು ತೋರಿಸ್ತೀನಿ" ಅನ್ನೋ ಹುಡುಗ್ರು ಇಲ್ಲೂ ಇದಾರೆ, ಯಾವ ದಾರೀನೂ ಬಂದ್ ಆಗಿರ್ಲಿಲ್ಲ.

ರ್ಸೀಫ್ ಮಾರ್ಕೆಟ್ಟಲ್ಲಿ ನೂಲು_ನೇಯ್ಗೆ ಮೇಡಮ್ ಹೇಳಿದ ಪ್ಲಾಸ್ಟಿಕ್ ಬಕೆಟ್ ಅಂಗಡಿ ಸಿಕ್ತು! ಅದ್ರ ಪಕ್ಕ ಜೀವಂತ ಕೋಳಿ, ಗುಡ್ಡೆ ಗುಡ್ಡೆ ಪುದೀನ, ತೆವಳ್ತಿರೋ ಬಸವನಹುಳು, ಕಟುಕನ ಅಂಗಡಿ ಮುಂದೆ ಒಂಟೆ ತಲೆ ನೇತು ಹಾಕಿರೋದು (ಹೆಂಡ್ತಿ ಅಲ್ಲಿ ಕಣ್ಣು ಮುಚ್ಚಿ ನನ್ನ ಅಂಗಿ ಹಿಡ್ಕೊಂಡು ದಾಟಿದ್ಲು). ಸೆಫ್ಫಾರೀನ್ ಚೌಕದಲ್ಲಿ ತಾಮ್ರದ ಹಂಡೆ ಬಡಿಯೋರು, ಒಬ್ಬರ ಸುತ್ತಿಗೆ ಏಳೋವಾಗ ಇನ್ನೊಬ್ಬರದ್ದು ಬೀಳತ್ತೆ, ಬೇಕಂತ ತಾಳ ಹಾಕಿದ ಹಾಗೆ. ಮದುವೆ ಅಡುಗೆಗೆ ಬಾಡಿಗೆ ಕೊಡೋ ಕಡಾಯಿಗಳಂತೆ, ಒಂದೊಂದ್ರಲ್ಲಿ ನಾನು ಕೂತ್ಕೋಬಹುದು.

ಚುವಾರಾ ಚರ್ಮದ ಹೊಂಡಗಳನ್ನೂ ನೋಡಿದ್ವಿ, ಅಂಗಡಿ ಮಹಡಿ ಮೇಲಿಂದ. ಹತ್ತೋವಾಗ ಒಂದು ಎಸಳು ಪುದೀನ ಕೈಗಿಡ್ತಾರೆ, ಮೂಗಿಗೆ ಇಟ್ಕೊಳೋಕೆ, ಗಾಳಿ ನಮ್ಮ ಕಡೆ ತಿರುಗಿದಾಗ ಪುದೀನ ಗಿದೀನ ಏನೂ ನಡಿಯಲ್ಲ. ಬಿಳೀ ಹೊಂಡದಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ, ಹಿಕ್ಕೇಲಿರೋ ಅಮೋನಿಯಾ ಚರ್ಮ ಮೆತ್ತಗೆ ಮಾಡತ್ತಂತೆ, ಆಮೇಲೆ ಬಣ್ಣದ ಹೊಂಡ. ತೊಡೆವರೆಗೂ ಇಳಿದು ಕಾಲಲ್ಲೇ ತುಳೀತಾರೆ. ಮೇಲೆ ನಾವು ಸಾಲಾಗಿ ನಿಂತು ಫೋಟೋ ಹೊಡೀತಿದ್ವಿ, ಕೆಳಗೆ ಒಬ್ಬ ತಲೆ ಎತ್ತಿ ಒಂದ್ಸಲ ನೋಡಿ ಮತ್ತೆ ಕೆಲ್ಸಕ್ಕೆ ಬಗ್ಗಿದ, ಆಮೇಲೆ ನಂಗೆ ಫೋನ್ ಎತ್ತೋಕೆ ಮನಸ್ಸಾಗ್ಲಿಲ್ಲ. ಮಧ್ಯರಾತ್ರಿ_ಚಾಯ್ ಅವ್ರು ಹೇಳಿದ್ದು ಸರೀನೇ ಇರ್ಬಹುದು ಆದ್ರೆ ಇಲ್ಲಿ ನಂಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆ ಆಗ್ಲಿಲ್ಲ.

ಬಿಸಾರಾ ಸೂಪರ್ ಹಿಟ್, ಹುಬ್ಬಳ್ಳಿ ಅಣ್ಣಂಗೆ ಹೆಂಡ್ತಿ ಕಡೆಯಿಂದ ಸ್ಪೆಷಲ್ ಥ್ಯಾಂಕ್ಸ್. ಟ್ಯುನಿಸ್ ಬಗ್ಗೆ ಯಾರಾದ್ರೂ ಹೇಳಿ, ಮತ್ತೆ ಕೈಲಿ ದಿರ್ಹಮ್ ಉಳ್ದಿದೆ, ಅಲ್ಲಿ ಚೇಂಜ್ ಆಗತ್ತಾ?

---

ನೂಲು_ನೇಯ್ಗೆ:

ಆಗಲ್ಲ ಅಂತಾನೇ ಇಟ್ಕೊಳಿ. ದಿರ್ಹಮ್ ಹೊರಗಡೆ ಓಡಲ್ಲ, ದೇಶ ಬಿಡೋವಾಗ 2000ಕ್ಕಿಂತ ಜಾಸ್ತಿ ಜೊತೇಲಿ ಇಟ್ಕೊಳೋ ಹಾಗೂ ಇಲ್ಲ. ಏರ್‌ಪೋರ್ಟಲ್ಲೇ ಯೂರೋ ಮಾಡಿಸ್ಕೊಳಿ, ಮೊದ್ಲು ಚೇಂಜ್ ಮಾಡಿಸಿದ ರಸೀದಿ ಕೇಳ್ತಾರೆ, ಬಿಸಾಡಿಲ್ಲ ತಾನೇ? ಟ್ಯುನೀಸಿಯಾ ದಿನಾರಂತೂ ಒಳಗೂ ತರೋ ಹಾಗಿಲ್ಲ ಹೊರಗೂ ಒಯ್ಯೋ ಹಾಗಿಲ್ಲ, ಸ್ವಲ್ಪ ಸ್ವಲ್ಪಾನೇ ಮಾಡಿಸಿ.

ಟ್ಯುನಿಸ್‌ನಲ್ಲಿ ಕೂಗಾಟ ಕಮ್ಮಿ, ಮರಾಕೆಶ್ ಆದ್ಮೇಲೆ ಕಿವಿಗೆ ರಜ ಸಿಕ್ಕ ಹಾಗೆ. ಝೈತೂನಾ ಮಸೀದಿ ಪಕ್ಕದಲ್ಲೇ ಅತ್ತರಿನ ಸೂಕ್, ನಾನು ಮೇಲೆ ಬರೆದ ಲೆಕ್ಕ ಅಲ್ಲಿ ಕಣ್ಣಿಗೇ ಕಾಣತ್ತೆ. ಶಶಿಯಾ ಅಂತ ಕೆಂಪು ಉಣ್ಣೆ ಟೋಪಿ ಮಾಡೋ ಬೀದಿಗೆ ಹೋಗಿ: ಮೊದ್ಲು ದೊಡ್ಡದಾಗಿ ಹೆಣೆದಿರ್ತಾರೆ, ಅದನ್ನ ಬಿಸಿನೀರಲ್ಲಿ ತಿಕ್ಕಿ ಕುಗ್ಗಿಸಿ, ಉಜ್ಜಿ ಉಜ್ಜಿ ಹೆಣಿಗೆ ಕಾಣದ ಹಾಗೆ ಮಾಡಿ ಬಣ್ಣ ಹಾಕೋದು. ಮೊದ್ಲು ಬೀದಿ ತುಂಬಾ ಅವ್ರೇ ಇದ್ದಿದ್ದು, ಈಗ ಕೆಲವರಷ್ಟೇ. ಚಿನ್ನದಂಗಡಿಗಳ ಸೂಕ್ ಎಲ್ ಬರ್ಕಾಗೂ ಹೋಗ್ತೀರಿ, ಕಂಬಗಳ ನಡುವೆ ಬಳೆ ಸರ ಮಿಂಚ್ತಿರತ್ತೆ, ಅದು ಗುಲಾಮರನ್ನ ಹರಾಜು ಹಾಕ್ತಿದ್ದ ಜಾಗ, 1841ರಲ್ಲಿ ಆಗಿನ ದೊರೆ ಅಹ್ಮದ್ ಬೇ ನಿಲ್ಲಿಸೋವರೆಗೂ. ಅಲ್ಲಿ ಕೊಳ್ಳೋರ್ಯಾರೂ ಅದ್ರ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ.

ಭಾನುವಾರ ಹೋಗ್ಬೇಡಿ, ಹಳೇ ಊರು ಬಹುಪಾಲು ಬಾಗಿಲು ಹಾಕಿರತ್ತೆ. ಊಟಕ್ಕೆ ಲಬ್ಲಾಬಿ: ಕಡಲೆ ಸಾರು, ಜೀರಿಗೆ, ಹಳೇ ಬ್ರೆಡ್ ಚೂರು, ಮೇಲೆ ಹರೀಸಾ ಅನ್ನೋ ಮೆಣಸಿನಕಾಯಿ ಚಟ್ನಿ. ಟ್ಯೂನಾ, ಮೊಟ್ಟೆ ಹಾಕೋಕೆ ಮುಂಚೆ ಬೇಡ ಅಂತ ಕೈ ಅಡ್ಡ ಹಿಡೀರಿ, ಅವ್ರ ಕೈ ಸಿಕ್ಕಾಪಟ್ಟೆ ಸ್ಪೀಡು.